ಬೆಳೆದ ಗೋಡೆ ಯಾರದು

ಮರಳು ಹೊಡೆಸುವುದೆಂದರೆ ಬೇರೆ ಊರುಗಳಲ್ಲಿ ಮನೆಯ ಮುಖ ತೊಳೆಸಿದ ಹಾಗೆ. ಹಳೇ ಕಲ್ಲುಗೋಡೆಗೆ ಮಸಿ ಹಿಡಿದಿದ್ದರೆ, ಪಾಚಿ ಕಟ್ಟಿದ್ದರೆ, ಕಂಪ್ರೆಸರ್ ತರಿಸಿ, ಪೈಪಿನಲ್ಲಿ ಮರಳು ಚಿಮ್ಮಿಸಿ, ಕಲ್ಲಿನ ಹುಟ್ಟುಬಣ್ಣ ಕಾಣುವವರೆಗೆ ಹೊಡೆಸುತ್ತಾರಂತೆ. ಅಕ್ಕಪಕ್ಕದವರು ಬಂದು ಚೆನ್ನಾಗಾಯಿತು ಅನ್ನುತ್ತಾರಂತೆ. ನಮ್ಮೂರಿನಲ್ಲಿ ಮರಳಿನವರ ಗಾಡಿ ಯಾರ ಮನೆ ಮುಂದೆ ನಿಂತರೂ ಬೀದಿಯವರು ಮೊದಲು ಕಿಟಕಿ ಮುಚ್ಚಿಕೊಂಡು ಆಮೇಲೆ ಅದರ ಸಂದಿಯಿಂದ ನೋಡುತ್ತಾರೆ. ಯಾಕೆಂದರೆ ನಮ್ಮೂರಿನಲ್ಲಿ ಗೋಡೆ ಬೆಳೆಯುತ್ತದೆ.

ಒಳಗೋಡೆಯಲ್ಲ, ಹೊರಗೋಡೆ ಮಾತ್ರ. ವರ್ಷಕ್ಕೆ ನಾಲ್ಕು ಬೆರಳು, ಮಳೆ ಜಾಸ್ತಿಯಾದ ವರ್ಷ ಆರು. ಅದಕ್ಕೆ ನಾವು ಹೊಂದಿಕೊಂಡಿದ್ದೇವೆ. ಹೆಸರಿನ ಬೋರ್ಡಿಗೆ ಎರಡು ವರ್ಷಕ್ಕೊಮ್ಮೆ ಉದ್ದನೆಯ ಮೊಳೆ ಹಾಕಿಸುತ್ತೇವೆ. ಕರೆಂಟಿನ ಮೀಟರನ್ನು ಗೋಡೆ ನುಂಗದಿರಲಿ ಎಂದು ಬೀದಿಯ ಕಂಬಕ್ಕೇ ಕೂರಿಸಿದ್ದೇವೆ. ಬಾಗಿಲ ಪಕ್ಕದ ಗೂಡಿನಲ್ಲಿ ಹಣತೆ ಇಡಬೇಕಾದರೆ ಮೊಣಕೈ ತನಕ ಕೈ ತೂರಿಸುತ್ತೇವೆ. ಹೊರಗೋಡೆಗೆ ಸೈಕಲ್ ಒರಗಿಸಿ ತವರಿಗೆ ಹೋಗಬಾರದು ಅನ್ನುವುದು ಇಲ್ಲಿಗೆ ಬಂದ ಸೊಸೆಯಂದಿರು ಮೊದಲು ಕಲಿಯುವ ಪಾಠ. ಮೂಗಿರುವ ತನಕ ನೆಗಡಿ ತಪ್ಪದು ಅಂದುಕೊಂಡು ಬದುಕುತ್ತೇವೆ.

ತಕರಾರು ಬರುವುದು ಓಣಿಗಳಲ್ಲಿ. ಎದುರುಬದುರು ಇರುವ ಎರಡು ಗೋಡೆಗಳಲ್ಲಿ ಬೆಳೆಯುವುದು ಒಂದೇ. ಇನ್ನೊಂದು ಸುಮ್ಮನಿರುತ್ತದೆ. ಯಾವುದು ಬೆಳೆಯಿತು ಅನ್ನುವುದು ನೋಡಿದರೆ ತಿಳಿಯುವುದಿಲ್ಲ, ಎರಡರ ಮೇಲೂ ಅದೇ ಬೂದುಬಣ್ಣದ ಕೊಳೆ. ಹಠ ಇರುವ ಮನೆಯ ಗೋಡೆಯೇ ಬೆಳೆಯುವುದು ಅಂತ ಹಿರಿಯರು ಯಾವ ಕಾಲದಲ್ಲೋ ಹೇಳಿಹೋದರು. ಅಂದಮೇಲೆ ನನ್ನ ಗೋಡೆ ಬೆಳೆಯಿತು ಎಂದು ಯಾರು ತಾನೇ ಒಪ್ಪಿಕೊಳ್ಳುತ್ತಾರೆ? ಒಪ್ಪಿಕೊಂಡವರು ಎದುರು ಮನೆಗೆ ವೀಳ್ಯ ಕೊಡಬೇಕು, ಐದು ಎಲೆ, ಎರಡು ಅಡಿಕೆ. ಅವರ ಹೊಸ್ತಿಲಿನ ಹೊರಗೇ ನಿಂತು ‘ನಮ್ಮ ಗೋಡೆ ನಿಮ್ಮ ದಾರಿಗೆ ಬಂತು’ ಎಂದು ಬೀದಿಗೆ ಕೇಳುವ ಹಾಗೆ ಹೇಳಬೇಕು. ವೀಳ್ಯ ಹೋಗುವವರೆಗೆ ಮರಳಿನವರು ಮಷೀನಿನ ಹಗ್ಗ ಎಳೆಯುವುದಿಲ್ಲ. ಅದರಲ್ಲಿ ಅವರ ತಪ್ಪೂ ಇಲ್ಲ. ಸಿಡಿದ ಮರಳು ಎದುರು ಗೋಡೆಗೂ ಬಡಿಯುತ್ತದೆ, ಆಮೇಲೆ ಎರಡೂ ಮನೆಯವರು ಅವರ ತಲೆ ಮೇಲೆ ಕೂರುತ್ತಾರೆ.

ನನ್ನ ಹೆಸರು ಚೆನ್ನಾಜಮ್ಮ. ಬೀದಿಗೆ ಮುಖವಾಗಿ ನನ್ನ ಹಿಟ್ಟಿನ ಗಿರಣಿ, ಅದರ ಹಿಂದೆ ಮನೆ. ಎರಡೂ ಅಪ್ಪ ಬಿಟ್ಟುಹೋದದ್ದು. ಗಂಡ ತೀರಿಕೊಂಡು ಹನ್ನೊಂದು ವರ್ಷವಾಯಿತು, ಅವರಿದ್ದಾಗಲೂ ಗಿರಣಿ ನಡೆಸಿದವಳು ನಾನೇ. ಮೂವತ್ತು ವರ್ಷ ಮಷೀನಿನ ಸದ್ದಿನ ಮೇಲೆ ಮಾತಾಡಿ ನನ್ನ ಗಂಟಲು ಹಾಗೇ ಆಗಿಹೋಗಿದೆ. ಗುಟ್ಟು ಹೇಳಿದರೂ ಪಕ್ಕದ ಬೀದಿಗೆ ಕೇಳುತ್ತದೆ ಅಂತ ಜನ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ನಾನು ಗುಟ್ಟು ಇಟ್ಟುಕೊಂಡವಳಲ್ಲ.

ಗಿರಣಿಯ ಎಡಗಡೆಗೆ ಓಣಿ. ಓಣಿಯ ಆಚೆಗೆ ಡ್ರಾಯಿಂಗ್ ಮೇಷ್ಟ್ರು ಗುರುಮಲ್ಲಪ್ಪನವರ ಮನೆ. ಸ್ಕೇಲಿಲ್ಲದೆ ನೆಟ್ಟಗೆ ಗೆರೆ ಎಳೆಯುವವರು ಅಂತ ಅವರಿಗೆ ಹೆಸರು. ನಿವೃತ್ತಿಯಾದ ಮೇಲೂ ಅಂಗಿ ಜೇಬಿನಲ್ಲಿ ಒಂದು ಪೆನ್ಸಿಲು ಇದ್ದೇ ಇರುತ್ತದೆ. ಓಣಿಯ ಕೊನೆಗೆ, ನಮ್ಮಿಬ್ಬರ ಮನೆಗಳ ಹಿಂದೆ, ದ್ಯಾವೀರಕ್ಕನ ಮನೆ. ಅದರ ಬೆನ್ನಿಗೆ ಆನೆಗಾತ್ರದ ಬಂಡೆ, ಹಾಗಾಗಿ ಅಕ್ಕನಿಗೆ ಬರಲು ಹೋಗಲು ಇದೊಂದೇ ದಾರಿ. ಓಣಿ ನಡುವೆ ಸ್ವಲ್ಪ ಸೊಟ್ಟ, ಬೀದಿಯಲ್ಲಿ ನಿಂತರೆ ಅವಳ ಮನೆ ಕಾಣುವುದಿಲ್ಲ.

ಓಣಿ ಮೊದಲು ಆರು ಅಡಿ ಇತ್ತು. ದ್ಯಾವೀರಕ್ಕ ಮದುವೆ ಅಡುಗೆಯವಳು. ಐನೂರು ಎಲೆ ಅಂದರೂ ಹೆದರುತ್ತಿರಲಿಲ್ಲ. ಅವಳ ಕೊಪ್ಪರಿಗೆ, ಹಂಡೆ, ಜಾಲರಿಗಳೆಲ್ಲ ತಳ್ಳುಗಾಡಿಯ ಮೇಲೆ ಗಡಗಡ ಸದ್ದು ಮಾಡಿಕೊಂಡು ಈ ಓಣಿಯಿಂದಲೇ ಊರಿಗೆಲ್ಲ ಹೋಗುತ್ತಿದ್ದವು. ಹದಿನಾಲ್ಕು ವರ್ಷದ ಹಿಂದೆ ಒಂದು ದಿನ ತಳ್ಳುಗಾಡಿಯ ಚಕ್ರ ಗೋಡೆಗೆ ಉಜ್ಜಿತು. ಅಕ್ಕ ನಮ್ಮಿಬ್ಬರನ್ನೂ ಕರೆದು ತೋರಿಸಿದಳು.

“ಇದು ನಿಮ್ಮದು, ಚೆನ್ನಾಜಮ್ಮನವರೇ. ಕಣ್ಣಳತೆಯಲ್ಲೇ ಗೊತ್ತಾಗುತ್ತೆ,” ಅಂದರು ಮೇಷ್ಟ್ರು, ಒಂದು ಕಣ್ಣು ಮುಚ್ಚಿ ಪೆನ್ಸಿಲು ಹಿಡಿದು.

“ನಿಮ್ಮ ಆ ಇನ್ನೊಂದು ಕಣ್ಣೂ ಬಿಟ್ಟು ನೋಡಿ ಮೇಷ್ಟ್ರೇ, ಯಾರದ್ದು ಅಂತ ಕಾಣುತ್ತೆ,” ಅಂದೆ ನಾನು.

ಅಲ್ಲಿಗೆ ಶುರುವಾಯಿತು. ನಾನು ಅವರ ಗೋಡೆಗೆ ಗುರುತಿಗೆಂದು ಮೊಳೆ ಹೊಡೆಸಿದೆ, ಅವರು ಕೀಳಿಸಿದರು. ಅವರು ನನ್ನ ಗೋಡೆಯ ಬುಡದಲ್ಲಿ ಬಣ್ಣದ ಗೆರೆ ಎಳೆದರು, ನಾನು ಸಗಣಿ ಬಳಿದೆ. ಆಮೇಲೆ ಓಣಿಯ ಕಡೆಗೆ ಯಾರೂ ಏನೂ ಹೊಡೆಯಲಿಲ್ಲ, ಏನೂ ಬರೆಯಲಿಲ್ಲ. ಪುರಸಭೆಗೆ ಹೇಳೋಣವೆಂದರೆ ಅವರ ಕಟ್ಟಡವೇ ರಸ್ತೆಯ ಅರ್ಧಕ್ಕೆ ಬಂದು ನಿಂತಿದೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತ ಬೀದಿಯಲ್ಲಿ ಯಾರೋ ಅಂದರಂತೆ. ಮೇಷ್ಟ್ರನ್ನೂ ನನ್ನನ್ನೂ ಗಂಡ ಹೆಂಡಿರು ಅಂದದ್ದಕ್ಕೆ ನಾನು ಹಾಗಂದವರ ಮನೆ ಮುಂದೆ ಹೋಗಿ ಒಂದು ಗಂಟೆ ಬೈದು ಬಂದೆ. ಕೂಸಿನ ಮಾತು ಮಾತ್ರ ನನ್ನ ತಲೆಗೆ ಹೋಗಲಿಲ್ಲ.

ಅಕ್ಕ ಗಾಡಿ ಬಿಟ್ಟು ಪಾತ್ರೆಗಳನ್ನು ತಲೆ ಮೇಲೆ ಹೊರಿಸತೊಡಗಿದಳು. ಮೂರು ವರ್ಷದ ನಂತರ ಕೊಪ್ಪರಿಗೆ ಹೊರಗೆ ಬರಲಿಲ್ಲ. ಇನ್ನೆರಡು ವರ್ಷಕ್ಕೆ ಹಂಡೆಯೂ ಬರಲಿಲ್ಲ. ನೂರು ಎಲೆಯ ನಾಮಕರಣ, ಐವತ್ತು ಎಲೆಯ ಪೂಜೆ ಅಂತ ಅವಳ ಕೆಲಸವೂ ಓಣಿಯ ಜೊತೆಗೇ ಸಣ್ಣದಾಗುತ್ತ ಬಂತು. ಆಮೇಲೆ ಅಕ್ಕ ಅಡ್ಡಡ್ಡಲಾಗಿ ನಡೆದು ಬರುತ್ತಿದ್ದಳು. ಮೈ ತುಂಬಿಕೊಂಡ ಹೆಂಗಸು, ಸೆರಗಿನ ತುಂಬ ಬೂದು ಮೆತ್ತಿಕೊಂಡು ಬೀದಿಗೆ ಬಂದು ಉಸ್ಸೆಂದು ನಿಲ್ಲುತ್ತಿದ್ದಳು. ಎರಡು ವರ್ಷದಿಂದ ಅದೂ ನಿಂತಿತ್ತು.

ಅದಕ್ಕೂ ಒಂದು ಉಪಾಯವಾಗಿತ್ತು. ನಾಲ್ಕು ಗಾಲಿಯ ಒಂದು ಹಲಗೆ, ಅದರ ಎರಡೂ ಕಡೆಗೆ ಹಗ್ಗ. ಬೆಳಿಗ್ಗೆ ಮೇಷ್ಟ್ರ ಮನೆಯಿಂದ ಎರಡು ಕೊಡ ನೀರು, ಹಾಲು. ಮಧ್ಯಾಹ್ನ ನನ್ನ ಕಡೆಯಿಂದ ರಾಗಿಹಿಟ್ಟು, ಕಾಳು, ತರಕಾರಿ. ಹಲಗೆ ಮೇಲಿಟ್ಟು ಕೂಗಿದರೆ ಒಳಗಿನಿಂದ ಅಕ್ಕ ಎಳೆದುಕೊಳ್ಳುತ್ತಿದ್ದಳು. ಖಾಲಿ ಡಬ್ಬ ವಾಪಸ್ಸು ಕಳಿಸುವಾಗ ಅದರಲ್ಲಿ ಒಂದಿಷ್ಟು ಚಟ್ನಿಪುಡಿಯೋ ಒಬ್ಬಟ್ಟೋ ಇರುತ್ತಿತ್ತು. ನಾನು ಎಷ್ಟು ಒಳ್ಳೆಯವಳು ಅಂತ ನನಗೆ ಅನ್ನಿಸುತ್ತಿತ್ತು. ಮೇಷ್ಟ್ರಿಗೂ ಹಾಗೇ ಅನ್ನಿಸಿರಬೇಕು. ದಾರಿ ಮುಚ್ಚಿದ್ದು ಎದುರು ಮನೆಯವರು, ಅನ್ನ ಹಾಕುತ್ತಿರುವುದು ನಾವು ಅಂತ ಇಬ್ಬರೂ ಊರಿಗೆಲ್ಲ ಹೇಳಿಕೊಂಡು ತಿರುಗಿದೆವು.

ಕಳೆದ ವರ್ಷ ಶ್ರಾವಣ ಮುಗಿದ ಮೇಲೆ ಅಕ್ಕನ ಕಾಲಿಗೆ ಗಾಯವಾಯಿತು. ಸಕ್ಕರೆ ಕಾಯಿಲೆ ಇದ್ದವಳು, ಬಿಸಿನೀರು ಚೆಲ್ಲಿಕೊಂಡಿದ್ದನ್ನು ಯಾರಿಗೂ ಹೇಳಲಿಲ್ಲ. ಹಲಗೆ ಎಳೆಯುವುದು ನಿಧಾನವಾಗುತ್ತಿದೆಯಲ್ಲ ಅಂತ ನಾನೇ ಕೂಗಿ ಕೇಳಿದ ಮೇಲೆ ಗೊತ್ತಾಯಿತು. ಸರ್ಕಾರಿ ಆಸ್ಪತ್ರೆಗೆ ಹೇಳಿಕಳಿಸಿದೆ. ಕಡ್ಡಿಯ ಹಾಗಿದ್ದ ಡಾಕ್ಟರ್ ಹುಡುಗಿ ಬಂದಳು, ಅಡ್ಡಲಾಗಿ ಒಳಗೆ ಹೋಗಿ ಅರ್ಧ ಗಂಟೆ ಬಿಟ್ಟು ಹೊರಗೆ ಬಂದಳು. ಮೈಯೆಲ್ಲ ಬೂದು. ನನ್ನ ಗಿರಣಿಯ ಕಟ್ಟೆ ಮೇಲೆ ಕೂತು ನೀರು ಕುಡಿದಳು.

“ಅಮ್ಮ, ಮೊಣಕಾಲಿನವರೆಗೆ ಬಾವು ಬಂದಿದೆ. ಎರಡು ಬೆರಳು ಕಪ್ಪಾಗಿವೆ. ಆಪರೇಷನ್ ಮಾಡ್ಲೇಬೇಕು, ಇಲ್ಲಿ ಆಗಲ್ಲ.”

“ಯಾವಾಗ ಕರ್ಕೊಂಡು ಬರಬೇಕು?”

“ಇವತ್ತೇ ಅಂದ್ರೆ ಇವತ್ತೇ. ಇಂಜೆಕ್ಷನ್ ಮೇಲೆ ಮೂರು ದಿನ ತಡೀಬಹುದು. ಅದು ದಾಟಿದ್ರೆ ಕಾಲು ಹೋಗುತ್ತೆ. ಕಾಲಿಗೇ ನಿಲ್ಲುತ್ತೆ ಅಂತಾನೂ ನಾನು ಹೇಳಲ್ಲ.”

ಓಣಿ ಅಳೆಸಿದೆ. ಒಂದೂವರೆ ಅಡಿಗೆ ಎರಡು ಬೆರಳು ಕಮ್ಮಿ. ಅಕ್ಕನ ಭುಜವೇ ಅದಕ್ಕಿಂತ ಅಗಲ, ಆ ಕಾಲಿನ ಮೇಲೆ ಅಡ್ಡಲಾಗಿ ನಿಲ್ಲುವ ಮಾತೇ ಇಲ್ಲ. ಹೆಂಚು ತೆಗೆದು ಮೇಲಿನಿಂದ ಹಗ್ಗ ಕಟ್ಟಿ ಎತ್ತೋಣ ಅಂತ ಬೀದಿಯವರು ಅಂದರು. ನಾನು ಓಣಿಯ ಬಾಯಲ್ಲಿ ನಿಂತು ಅದನ್ನೇ ಕೂಗಿ ಹೇಳಿದೆ.

“ನಾನೇನು ಅಕ್ಕಿ ಮೂಟೆಯೇನೇ?” ಅಂತ ಒಳಗಿನಿಂದ ಉತ್ತರ ಬಂತು. ಜಂತಿಗಳೆಲ್ಲ ಗೆದ್ದಲು ತಿಂದು ಕೂತಿದ್ದವು, ಮೇಲೆ ನಾಲ್ಕು ಜನ ನಿಂತರೆ ಅವಳ ಮೇಲೇ ಬೀಳುತ್ತಾರೆ ಅನ್ನುವುದೂ ನಿಜವಾಗಿತ್ತು.

ನಾನು ಗಿರಣಿ ನಿಲ್ಲಿಸಿ ಮರಳಿನ ಪ್ಯಾರೇಜಾನ್ ಸಾಬರ ಅಂಗಡಿಗೆ ಹೋದೆ. ಮೂರು ತಲೆಮಾರಿನಿಂದ ಊರಿನ ಗೋಡೆ ಹೊಡೆಯುವವರು ಅವರು. ಮಾತಿಗೆ ಮುಂಚೆ ಕೆಮ್ಮುತ್ತಾರೆ, ಅಪ್ಪನ ಕಾಲದಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಳ್ಳದೆ ದುಡಿದದ್ದು. ಈಗ ಅವರ ಆಳುಗಳು ಗಾಜಿನ ಮುಖದ ಟೋಪಿ ಹಾಕಿಕೊಂಡು, ಮರಳಿಗೆ ನೀರು ಬೆರೆಸಿ ಹೊಡೆಯುತ್ತಾರೆ.

“ವೀಳ್ಯ ಯಾರು ಕೊಡ್ತಾರಮ್ಮ?” ಅಂತ ಕೇಳಿದರು.

“ಮೊದಲು ಗೋಡೆ ಯಾರದ್ದು ಅಂತ ನೋಡಿ ಸಾಬ್ರೇ.”

“ಹಂಗಾದ್ರೆ ಗೋಡೆಗೆ ಬಳಿದ ಗಿಲಾವು ನೋಡೋ ಹಂಗೆ ಅಂಗೈ ಅಗಲ ಹೊಡೆದು ನೋಡ್ತೀನಿ. ಅದಕ್ಕೆ ವೀಳ್ಯ ಬೇಡ. ಆದ್ರೆ ಮನೆಯವರು ಒಪ್ಪಬೇಕು.”

ಅವತ್ತೇ ಮಧ್ಯಾಹ್ನ ಬಂದರು. ಮರಳನ್ನು ಎರಡು ಸಲ ಜರಡಿ ಹಿಡಿದರು. ನಮ್ಮೂರ ಕಲ್ಲು ಬಳಪದ ಕಲ್ಲಿನ ಜಾತಿ, ಮೆದು. ದಪ್ಪ ಮರಳು ಬಿಟ್ಟರೆ ಹಳ್ಳ ಬೀಳುತ್ತದೆ. ಓಣಿಯ ಬಾಯಲ್ಲಿ ನನ್ನ ಗೋಡೆಗೆ ಪೈಪಿನ ತುದಿಯ ನಾಝಲ್ ಹಿಡಿದು ಎರಡು ನಿಮಿಷ ಹೊಡೆದರು. ನಾನು ಬಗ್ಗಿ ನೋಡುತ್ತಿದ್ದೆ. ಎರಡು ಬೆರಳು ಕೊಳೆ ಉದುರಿತು, ಅದರ ಹಿಂದೆಯೇ ಹಸಿರು ಬೂದು ಬಣ್ಣದ ಕಲ್ಲು, ಕಲ್ಲಿನ ಮೇಲೆ ನೆಟ್ಟಗೆ ಸಾಲುಸಾಲಾಗಿ ಉಳಿಯ ಗುರುತು. ನಮ್ಮ ಅಜ್ಜನ ಕಾಲದಲ್ಲಿ ಕಟ್ಟುವಾಗ ಮಾಡಿದ ಗುರುತು ಅದು.

ಸಾಬರು ಕೈಯಿಂದ ಸವರಿದರು. “ಇದು ಬೆಳೆದಿಲ್ಲಮ್ಮ. ಬೆಳೆದ ಕಲ್ಲಿನ ಮೇಲೆ ಉಳಿ ಗುರುತು ಇರಲ್ಲ. ಇದು ಬರೀ ಧೂಳು.”

ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು ನನಗೆ. ಒಳಗೆ ಒಬ್ಬಳು ಕಾಲು ಕಪ್ಪಾಗಿ ಮಲಗಿದ್ದಾಳೆ ಅನ್ನುವುದು ಆ ಗಳಿಗೆಯಲ್ಲಿ ನನಗೆ ನೆನಪಿರಲಿಲ್ಲ, ಸುಳ್ಳೇಕೆ ಹೇಳಲಿ. ನಾನು ಕುಣಿಯಲಿಲ್ಲ ಅಷ್ಟೆ. ಹದಿನಾಲ್ಕು ವರ್ಷ! ಮೇಷ್ಟ್ರ ಬಾಗಿಲು ಬಡಿದು, ಕೈ ಹಿಡಿದು ಎಳೆದುಕೊಂಡು ಬರುವುದೊಂದು ಬಾಕಿ, ಹಾಗೆ ಅವರನ್ನು ಕರೆತಂದೆ.

ಮೇಷ್ಟ್ರು ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದರು.

“ಅಂಗೈ ಅಗಲದಲ್ಲಿ ಏನು ಗೊತ್ತಾಗುತ್ತೆ? ಇಲ್ಲಿ ಬೆಳೆದಿಲ್ಲ, ಮುಂದೆ ಬೆಳೆದಿರಬಹುದು.”

“ಹಾಗಾದ್ರೆ ನಿಮ್ಮ ಗೋಡೆಗೂ ಅಂಗೈ ಅಗಲ ಹೊಡೆಸಿ.”

“ನನ್ನ ಗೋಡೆಗೆ ಯಾರೂ ಕೈ ಹಚ್ಚಕೂಡದು.”

“ಯಾಕೆ ಮೇಷ್ಟ್ರೇ, ಹೆದರಿಕೆಯಾ?” ನನ್ನ ಗಂಟಲು ಬೀದಿಗೆಲ್ಲ ಕೇಳಿಸಿತು. ಕಿಟಕಿಗಳು ಮುಚ್ಚಿಕೊಂಡವು.

ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಪೆನ್ಸಿಲನ್ನು ಜೇಬಿನಿಂದ ತೆಗೆದು ಮತ್ತೆ ಜೇಬಿಗೇ ಇಟ್ಟರು.

“ಮೂವತ್ತಾರು ವರ್ಷ ಮಕ್ಕಳಿಗೆ ನೆಟ್ಟಗಿರೋದು ಯಾವುದು, ಸೊಟ್ಟಗಿರೋದು ಯಾವುದು ಅಂತ ಹೇಳಿಕೊಟ್ಟವನು ನಾನು. ಇದೊಂದು ಗೋಡೆ ವಿಷಯದಲ್ಲಿ ನನ್ನ ಕಣ್ಣು ತಪ್ಪಿದೆ ಅಂತ ಈಗ ಹೇಳಬೇಕಾ? ಸೋಮವಾರದವರೆಗೆ ಟೈಮ್ ಕೊಡಿ, ಯೋಚನೆ ಮಾಡ್ತೀನಿ.”

ಅವತ್ತು ಬುಧವಾರ.

ಸಂಜೆಯವರೆಗೆ ನಾನು ಅವರ ಜಗಲಿ ಬಿಟ್ಟು ಕದಲಲಿಲ್ಲ. ಬೇಡಿಕೊಂಡೆ, ಬೈದೆ, ಅತ್ತೆ ಕೂಡ. ಅವರು ಸೋಮವಾರ ಅನ್ನುವ ಒಂದೇ ಮಾತಿಗೆ ಅಂಟಿಕೊಂಡು ಕೂತರು. ಡಾಕ್ಟರ್ ಹುಡುಗಿ ಎರಡನೆಯ ಇಂಜೆಕ್ಷನ್ ಕೊಡಲು ಬಂದಳು, ಅಡ್ಡಲಾಗಿ ಒಳಗೆ ಹೋದಳು, ಹೊರಗೆ ಬಂದು ನನ್ನ ಮುಖವನ್ನೂ ಮೇಷ್ಟ್ರ ಮುಖವನ್ನೂ ನೋಡಿದಳು. ಅವಳು ಹೊರಗಿನ ಊರಿನವಳು.

“ಜ್ವರ ಬಂದಿದೆ. ನಿಮ್ಮೂರಲ್ಲಿ ದಾರಿ ಬಿಡೋಕೆ ಇಷ್ಟೊಂದು ಮಾತಾಡಬೇಕಾ?” ಅಂತ ಕೇಳಿ, ಉತ್ತರಕ್ಕೆ ಕಾಯದೆ ಹೋದಳು.

ನಾನು ಪ್ಯಾರೇಜಾನ್ ಸಾಬರನ್ನು ಪಕ್ಕಕ್ಕೆ ಕರೆದೆ. “ಸಾಬ್ರೇ, ನನ್ನ ಗೋಡೆ ಎಷ್ಟು ದಪ್ಪ ಇರಬಹುದು?”

“ಎರಡೂವರೆ ಅಡಿ ಇರ್ತದೆ. ಹಳೇ ಕಟ್ಟಡ.”

“ಕೊಳೆ ತೆಗೆದ ಮೇಲೂ ಹಂಗೇ ಹೊಡೀತಾ ಹೋದ್ರೆ?”

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕೆಮ್ಮಿದರು. “ಅದು ಅಸಲಿ ಗೋಡೆ ಅಮ್ಮ. ಬೆಳೆದಿದ್ದನ್ನ ತೆಗೀಬಹುದು, ಕಟ್ಟಿದ್ದನ್ನ ಹೆಂಗೆ ತೆಗೀಲಿ?”

“ಮೂರಡಿ ದಾರಿ ಆಗಬೇಕು. ಎಷ್ಟು ತೆಗೀಬೇಕಾಗುತ್ತೆ, ಹೇಳಿ.”

“ಒಂದೂವರೆ ಅಡಿ. ಉಳಿಯೋದು ಒಂದಡಿ. ತೊಲೆಗಳು ಒಳಗಡೆ ಅಂಚಿಗೆ ಕೂತಿವೆ, ಮನೆ ನಿಲ್ತದೆ. ಆದ್ರೆ ಗಿರಣಿ ಓಡಿಸೋ ಹಂಗಿಲ್ಲ. ಆ ಅದುರಿಗೆ ಒಂದು ವಾರದಲ್ಲಿ ಗೋಡೆ ಮಲಗ್ತದೆ.”

ಗಿರಣಿಯ ಮಷೀನಿನ ಕಂಬಿಗಳು ಅದೇ ಗೋಡೆಯಲ್ಲಿ ಹೂತಿದ್ದವು. ಒಳಗೆ ಹೋಗಿ ಬೆಲ್ಟಿನ ಮೇಲೆ ಕೈಯಿಟ್ಟು ನಿಂತೆ. ಹನ್ನೆರಡನೆಯ ವಯಸ್ಸಿಗೆ ಅಪ್ಪ ನನ್ನನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಕಾಳು ಸುರಿಯಲು ಕಲಿಸಿದ ಜಾಗ. ನನಗೆ ಬೇರೆ ಕೆಲಸ ಬರುವುದಿಲ್ಲ, ಬೇರೆ ದನಿಯೂ ಬರುವುದಿಲ್ಲ. ಬಹಳ ಸಂಕಟವಾಯಿತು. ಅದಕ್ಕಿಂತ ಸಂಕಟವಾದದ್ದು ಇನ್ನೊಂದಕ್ಕೆ. ನಾನು ಸರಿ ಅನ್ನುವುದು ಕಲ್ಲಿನಲ್ಲಿ ಬರೆದಷ್ಟು ಸ್ಪಷ್ಟವಾಗಿ ಗೊತ್ತಾದ ದಿನವೇ ನಾನು ತಪ್ಪು ಅಂತ ಹೋಗಿ ಹೇಳಬೇಕಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅಂತಾರೆ, ನನ್ನದು ಎರಡು ಅಡಿಕೆಗೆ ಹೋಗುವುದಿತ್ತು.

ಗುರುವಾರ ಬೆಳಿಗ್ಗೆ ಸ್ನಾನ ಮಾಡಿ, ಐದು ಎಲೆ ಎರಡು ಅಡಿಕೆ ತಟ್ಟೆಯಲ್ಲಿಟ್ಟುಕೊಂಡು ಮೇಷ್ಟ್ರ ಹೊಸ್ತಿಲಿಗೆ ಹೋದೆ. ಬೀದಿಯ ಕಿಟಕಿಗಳು ಒಂದೂ ತೆರೆದಿರಲಿಲ್ಲ, ಒಂದರ ಹಿಂದೆಯೂ ಜನ ಇಲ್ಲದೆ ಇರಲಿಲ್ಲ. ಮೇಷ್ಟ್ರು ಹೊರಗೆ ಬಂದರು. ತಟ್ಟೆ ನೋಡಿ ಅವರ ಬಾಯಿ ಸ್ವಲ್ಪ ತೆರೆದುಕೊಂಡಿತು.

“ನಮ್ಮ ಗೋಡೆ ನಿಮ್ಮ ದಾರಿಗೆ ಬಂತು,” ಅಂದೆ. ಜೀವಮಾನದಲ್ಲಿ ಮೊದಲ ಸಲ ನನ್ನ ದನಿ ಎರಡನೇ ಮನೆಗೂ ಕೇಳಿಸಲಿಲ್ಲ.

“ಸ್ವಲ್ಪ ಜೋರಾಗಿ ಹೇಳಬೇಕು,” ಅಂದರು ಮೇಷ್ಟ್ರು. ಕುಹಕಕ್ಕೆ ಅಂದದ್ದಲ್ಲ, ಪದ್ಧತಿ ಹಾಗಿದೆ ಅಂತ ಅಂದದ್ದು. ಅದೇ ನನ್ನ ಮೈ ಉರಿಸಿತು. ಇಡೀ ಊರಿಗೆ ಕೇಳುವ ಹಾಗೆ ಇನ್ನೊಮ್ಮೆ ಹೇಳಿದೆ. ಅವರು ಎಲೆ ಎಣಿಸಿ ತೆಗೆದುಕೊಂಡರು.

“ಈ ಮಾತು ಹದಿನಾಲ್ಕು ವರ್ಷದ ಹಿಂದೆ ಹೇಳಿದ್ದರೆ ಎಷ್ಟು ಚೆನ್ನಾಗಿರ್ತಿತ್ತು, ಚೆನ್ನಾಜಮ್ಮನವರೇ,” ಅಂದರು. ಹಲ್ಲು ಕಚ್ಚಿಕೊಂಡು ಹಿಂದಕ್ಕೆ ಬಂದೆ. ಆ ಹಲ್ಲುನೋವು ನಾಲ್ಕು ದಿನ ಇತ್ತು.

ಹತ್ತು ಗಂಟೆಗೆ ಎರಡು ಕಂಪ್ರೆಸರ್ ಬಂದವು. ಗಿರಣಿಯ ಮಷೀನನ್ನು ಬಿಚ್ಚಿಸಿ ಅಂಗಳಕ್ಕೆ ತಂದಿಟ್ಟೆವು, ತಾಡಪಾಲು ಹೊದಿಸಿದೆವು. ಮೇಷ್ಟ್ರ ಗೋಡೆಯ ಉದ್ದಕ್ಕೂ ಇನ್ನೊಂದು ತಾಡಪಾಲು ಇಳಿಬಿಟ್ಟರು. ಒಳಗೆ ಧೂಳು ಹೋಗದಿರಲಿ ಎಂದು ಅಕ್ಕನ ಬಾಗಿಲಿಗೆ ಹಸಿ ಗೋಣಿಚೀಲ ಕಟ್ಟಿಸಲು ಡಾಕ್ಟರ್ ಹುಡುಗಿಗೇ ಹೇಳಿದೆವು, ಒಳಗೆ ಹೋಗಬಲ್ಲವಳು ಅವಳೊಬ್ಬಳೇ. ಆಮೇಲೆ ಶುರುವಾದ ಸದ್ದಿನ ಮುಂದೆ ನನ್ನ ಗಿರಣಿ ಏನೂ ಅಲ್ಲ. ಇಬ್ಬರು ಆಳುಗಳು ಒಬ್ಬರ ಹಿಂದೊಬ್ಬರು ನಾಝಲ್ ಹಿಡಿದು ಮುಂದುವರಿದರು. ಕೊಳೆ ಹೋಯಿತು. ಅಜ್ಜನ ಕಾಲದ ಉಳಿಯ ಗುರುತು ಮೇಲಿನಿಂದ ಕೆಳಗಿನವರೆಗೆ ಇಡೀ ಗೋಡೆಯ ತುಂಬ ಕಾಣಿಸಿಕೊಂಡಿತು, ನೋಡಲು ನೀರಿನ ಅಲೆಯಂತಿತ್ತು.

ಸಾಬರು ಕೈ ಎತ್ತಿ ಮಷೀನು ನಿಲ್ಲಿಸಿದರು. “ಅಮ್ಮ, ಇಲ್ಲಿಂದಾಚೆಗೆ ನಿಮ್ಮ ಗೋಡೆ. ಇನ್ನೊಂದು ಸಲ ಕೇಳ್ತಿದ್ದೀನಿ.”

“ಹೊಡೀರಿ,” ಅಂದೆ.

ಮೇಷ್ಟ್ರು ತಮ್ಮ ಜಗಲಿಯಿಂದ ಆ ಗುರುತುಗಳನ್ನು ನೋಡಿದರು. ಮೂವತ್ತಾರು ವರ್ಷ ಗೆರೆ ನೋಡಿದ ಕಣ್ಣಿಗೆ ಅದು ಏನೆಂದು ತಿಳಿಯದೆ ಇರಲಾರದು. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಅವತ್ತು ಕತ್ತಲಾಗುವವರೆಗೆ, ಮರುದಿನ ಬೆಳಿಗ್ಗೆಯಿಂದ ಮತ್ತೆ ಹೊಡೆದರು. ಮರಳು ಮೊಳಕಾಲುದ್ದ ಬಿದ್ದಂತೆಲ್ಲ ಬುಟ್ಟಿಯಲ್ಲಿ ತುಂಬಿ ಬೀದಿಗೆ ಸುರಿದೆವು. ನಾನೂ ಬುಟ್ಟಿ ಹೊತ್ತೆ. ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ಸಾಬರು ಕಟ್ಟಿಗೆಯ ಅಳತೆಯನ್ನು ಅಡ್ಡ ಹಿಡಿದರು. ಓಣಿಯ ಈ ತುದಿಯಿಂದ ಆ ತುದಿಗೆ ಮೂರಡಿ, ಎಲ್ಲಿಯೂ ತಾಗಲಿಲ್ಲ. ಬೀದಿಯ ನಾಲ್ಕು ಗಂಡಸರು ಆಸ್ಪತ್ರೆಯ ಸ್ಟ್ರೆಚರ್ ಹಿಡಿದುಕೊಂಡರು. ಹೆಂಗಸು ಒಬ್ಬಳು ಜೊತೆಗಿರಲಿ ಅಂತ ನಾನೂ ಹೋದೆ.

ಓಣಿಯ ಸೊಟ್ಟು ದಾಟಿದ ಮೇಲೆ ಅಕ್ಕನ ಮನೆಯ ಮುಂಭಾಗ ಕಾಣಿಸಿತು. ನಡುವೆ ಬಾಗಿಲು, ಎರಡೂ ಪಕ್ಕಕ್ಕೆ ಒಂದೊಂದು ಕಿಟಕಿ ಇದ್ದದ್ದು ನನಗೆ ನೆನಪಿತ್ತು. ನನ್ನ ಕಡೆಯ ಕಿಟಕಿ ಹಾಗೇ ಇತ್ತು, ಅದರಲ್ಲಿ ಒಂದು ತುಳಸಿ ಡಬ್ಬ. ಮೇಷ್ಟ್ರ ಕಡೆ ಕಿಟಕಿ ಇರಲಿಲ್ಲ. ಅವರ ಗೋಡೆ ಬಂದು ಅದನ್ನು ಪೂರ್ತಿ ನುಂಗಿ, ಬಾಗಿಲ ಚೌಕಟ್ಟಿನವರೆಗೆ ಹಬ್ಬಿತ್ತು. ಆ ಬದಿಯ ಚೌಕಟ್ಟಿನ ಮರ ಅರ್ಧ ಗೋಡೆಯೊಳಗೆ ಹೋಗಿತ್ತು. ಅಂಗೈ ಅಗಲ ಹೊಡೆದು ನೋಡುವ ಅಗತ್ಯವೇ ಇರಲಿಲ್ಲ. ಯಾವ ವರ್ಷದಲ್ಲಾದರೂ ಒಂದು ಸಲ, ಅಡ್ಡಲಾಗಿಯಾದರೂ ಸರಿ, ಇಪ್ಪತ್ತು ಹೆಜ್ಜೆ ಒಳಗೆ ಬಂದಿದ್ದರೆ ಸಾಕಾಗಿತ್ತು. ನಾನು ಬಂದಿರಲಿಲ್ಲ. ಹಲಗೆ ಕಳಿಸುತ್ತಿದ್ದೆ.

ಒಳಗೆ ಕತ್ತಲು, ಔಷಧಿ ವಾಸನೆ. ಗೋಡೆಗೆ ಒರಗಿಸಿದ ಕೊಪ್ಪರಿಗೆಗಳು ಬೆಳ್ಳಗೆ ತಿಕ್ಕಿಟ್ಟಿದ್ದವು. ಅಕ್ಕ ಚಾಪೆಯ ಮೇಲೆ ಕೂತಿದ್ದಳು, ತಲೆ ಬಾಚಿಕೊಂಡು, ಒಳ್ಳೆಯ ಸೀರೆ ಉಟ್ಟುಕೊಂಡು. ಎರಡು ವರ್ಷದ ಮೇಲೆ ಅವಳ ಮುಖ ನೋಡಿದೆ. ಇಳಿದುಹೋಗಿದ್ದಳು.

“ಅಕ್ಕಾ, ಕಿಟಕಿ...” ಅಂದೆ.

“ಅದು ಹೋಗಿ ಒಂಬತ್ತು ವರ್ಷ ಆಯ್ತು.”

“ಅಂದ್ರೆ ಗೋಡೆ ಯಾರದ್ದು ಅಂತ ನಿನಗೆ ಗೊತ್ತಿತ್ತು.”

“ಗೊತ್ತಿಲ್ದೆ ಏನು? ನನ್ನ ಮನೇಗೇ ಬಂದದ್ದು.”

“ಮತ್ಯಾಕಕ್ಕಾ ಒಂದು ಮಾತು ಹೇಳಲಿಲ್ಲ?”

“ನೀರು ಅವರ ಮನೇದು, ಹಿಟ್ಟು ನಿಮ್ಮನೇದು. ನಾನಾಗಿ ಬಾಯಿಬಿಟ್ಟು ಯಾವುದನ್ನ ಕಳ್ಕೊಳ್ಳಲಿ?” ಅಕ್ಕ ನನ್ನ ತೋಳು ಹಿಡಿದು ಸ್ಟ್ರೆಚರ್ ಕಡೆಗೆ ಜರುಗಿದಳು, ನೋವಿಗೆ ಕಣ್ಣು ಮುಚ್ಚಿದಳು, ತೆರೆದಳು. “ಕೇಳಿದ್ರೆ ಹೇಳ್ತಿದ್ದೆ. ನೀವಿಬ್ರೂ ಒಂದು ದಿನ ಕೇಳಿದ್ರಾ?”

ಅವಳನ್ನು ಹೊರಗೆ ತಂದೆವು. ಓಣಿ ದಾಟಿ ಬೀದಿಗೆ ಬರುತ್ತಲೇ ಬಿಸಿಲಿಗೆ ಅವಳು ಕೈ ಅಡ್ಡ ಹಿಡಿದಳು. ಜನ ಸೇರಿದ್ದರು. ಮೇಷ್ಟ್ರೂ ಜಗಲಿ ಇಳಿದು ಕೈ ಮುಗಿದು ನಿಂತಿದ್ದರು. ಏನಾದರೂ ಹೇಳಬೇಕು ಅಂತ ಅವರಿಗೆ ಅನ್ನಿಸಿರಬೇಕು.

“ಚೆನ್ನಾಜಮ್ಮನವರು ದೊಡ್ಡ ಮನಸ್ಸು ಮಾಡಿದರು. ವೀಳ್ಯ ಕೊಟ್ಟರು,” ಅಂದರು.

“ಯಾರಿಗೆ ಕೊಟ್ಟೆಯೇ?” ಅಕ್ಕ ನನ್ನನ್ನು ಕೇಳಿದಳು.

“ಮೇಷ್ಟ್ರಿಗೆ.”

“ಮೇಷ್ಟ್ರಿಗ್ಯಾಕೆ?” ಅವಳಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. “ಅವರು ಈ ಓಣೀಲಿ ಯಾವತ್ತು ಓಡಾಡಿದ್ರು? ದಾರಿ ನಂದಲ್ವೇನೇ?”

ನಾನೂ ಮೇಷ್ಟ್ರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು, ಬಹಳ ವರ್ಷದ ಮೇಲೆ. ಆಂಬ್ಯುಲೆನ್ಸಿನ ಬಾಗಿಲು ಹಾಕಿದರು.

ಅಕ್ಕನ ಎರಡು ಬೆರಳು ಹೋದವು, ಕಾಲು ಉಳಿಯಿತು. ಐದನೆಯ ದಿನ ನೋಡಲು ಬಿಟ್ಟರು. ಎಲೆ ಅಡಿಕೆ ಕಾಗದದಲ್ಲಿ ಕಟ್ಟಿಕೊಂಡು ಆಸ್ಪತ್ರೆಗೆ ಹೋದೆ. ಹೆಂಗಸರ ವಾರ್ಡಿನಲ್ಲಿ ಹದಿನೆಂಟು ಮಂಚ. ಅವಳ ಮಂಚದ ಪಕ್ಕ ನಿಂತು, ನರ್ಸುಗಳು ತಿರುಗಿ ನೋಡುವಷ್ಟು ಜೋರಾಗಿ ಹೇಳಿದೆ, ನಮ್ಮ ಗೋಡೆ ನಿನ್ನ ದಾರಿಗೆ ಬಂತು ಅಂತ. ಮೇಷ್ಟ್ರ ಮುಂದೆ ಇದೇ ಮಾತು ಸುಳ್ಳಾಗಿತ್ತು, ಇಲ್ಲಿ ಹೇಳುವಾಗ ಸುಳ್ಳು ಅನ್ನಿಸಲಿಲ್ಲ. ನನಗೆ ಅಳು ಬಂತು.

ಅಕ್ಕ ಎಲೆಯ ನಾರು ಬಿಡಿಸಿ, ಅಡಿಕೆ ಬಾಯಿಗೆ ಹಾಕಿಕೊಂಡಳು. “ಸುಣ್ಣ ಎಲ್ಲೇ?” ಅಂದಳು. ನಾನು ತಂದಿರಲಿಲ್ಲ. ಕಣ್ಣು ಒರೆಸಿಕೊಂಡು ಸುಣ್ಣ ತರಲು ಕೆಳಗಿಳಿದೆ.